ನೀರು ಚಹಾ ಆದ ದಿನ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ.

ಪಂಚಮಿ ಉಂಡಿಯ ಡಬ್ಬಿ ನೀನು ಬಿಟ್ಟುಹೋದ ಕಡೆಯೇ ಇತ್ತು, ಟಿವಿ ಪಕ್ಕದಲ್ಲಿ. ನಾಲ್ಕು ದಿನ ನಿಮ್ಮವ್ವ ಅದನ್ನು ಮುಟ್ಟಲಿಲ್ಲ. ಇವತ್ತು ಬಟ್ಟೆ ಸುತ್ತಿ ಹೊಲಿದಳು, ಕೊರಿಯರ್ ಮಾಡಿ ಬನ್ನಿ ಅಂದಳು. ಅದರ ಜೊತೆ ಈ ಪತ್ರ ಇಡುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ದನಿ ಏರಿಬಿಡುತ್ತದೆ.

ಅವತ್ತು ನೀನು ವಜ್ರಪೋಹ ಜಲಪಾತಕ್ಕೆ ಹೋಗುವ ಮಾತಿಗೆ ಯಾರು ಏನಂದೆವು ಅನ್ನೋದು ಬೇಡ. ಇಬ್ಬರಿಗೂ ನೆನಪಿದೆ. ರಿಸರ್ವೇಶನ್ ಮರುದಿನಕ್ಕಿತ್ತು. ನೀನು ಅವತ್ತೇ ಸಂಜೆ ರಾಣಿ ಚೆನ್ನಮ್ಮ ರೈಲಿನ ಜನರಲ್ ಬೋಗಿಯಲ್ಲಿ ಬೆಂಗಳೂರಿನವರೆಗೆ ಹೋದೆ ಅಂತ ಆಮೇಲೆ ಗೊತ್ತಾಯಿತು. ಹಬ್ಬದ ಗದ್ದಲದಲ್ಲಿ, ಇಡೀ ರಾತ್ರಿ. ಕೂರಲು ಜಾಗ ಸಿಕ್ಕಿತ್ತಾ? ಅದನ್ನಾದರೂ ನಿಮ್ಮವ್ವನಿಗೆ ಹೇಳು.

ಹೊರಡುವ ಮುಂಚೆ ನೀನು ಒಂದು ಮಾತು ಕೇಳಿದೆ. "ಮಲ್ಕಿಯಾಗ ನನ್ನ ಬಂಡಿಗಲ್ಲಿನ ಮ್ಯಾಲ ಕುಂದರಿಸಿದ್ದು ಯಾರಪ್ಪಾ?" ಉತ್ತರ ಕೊಡದೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ನಿಮ್ಮವ್ವನಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಹದಿನೆಂಟು ವರ್ಷ ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಿದ್ದೇನೆ. ಎಲ್ಲವನ್ನೂ.

ಕೂರಿಸಿದ್ದು ನಾನೇ, ಅವ್ವಾ.

ಆ ದಿನ ಬಿಸಿಲಿತ್ತು. ನಾನು ಮತ್ತೆ ಮತ್ತೆ ಅದನ್ನೇ ನೆನೆಯುತ್ತೇನೆ. ಗೋಕಾಕದ ಕಡೆ ವಾರದಿಂದ ಹನಿ ಬಿದ್ದಿರಲಿಲ್ಲ. ಗೊಡಚಿನಮಲ್ಕಿಯ ಊರಿನಿಂದ ಜಲಪಾತದ ಮೇಲಿನ ಹೊಳೆಯವರೆಗೆ ನಡೆಯುವಾಗ ನಿನ್ನ ಹಣೆ ಬೆವರುತ್ತಿತ್ತು, ನಾನು ಟವೆಲ್ಲಿನಿಂದ ಒರೆಸಿದೆ. ಆದರೆ ಮಾರ್ಕಂಡೇಯ ಹೊಳೆಗೆ ನೀರು ಬರುವುದು ಗೋಕಾಕದ ಮೋಡದಿಂದಲ್ಲ. ಬೆಳಗಾವಿಯ ಪಡುವಣ ಗುಡ್ಡಗಳಿಂದ. ಅಲ್ಲಿ ಹಿಂದಿನ ರಾತ್ರಿ ಹುಯ್ದು ಸುರಿದಿತ್ತು. ಅದು ನನಗೆ ಗೊತ್ತಿತ್ತು. ಲೈನ್‌ಮನ್ ಕೆಲಸದಲ್ಲಿ ರಾತ್ರಿಯೆಲ್ಲ ಲೈನ್ ಜೋಡಿಸಿ, ತೊಯ್ದ ರೇನ್‌ಕೋಟನ್ನು ಹಿತ್ತಲಲ್ಲಿ ಒಣಹಾಕಿ ಬಂದವನು ನಾನು. ಬೇರೆ ಯಾರಿಗಾದರೂ ಗೊತ್ತಿರಲಿಲ್ಲ ಅನ್ನಬಹುದು. ನನಗೆ ಆ ಮಾತು ಸಲ್ಲುವುದಿಲ್ಲ.

ಹೊಳೆಯ ನಡುವಿನ ಚಪ್ಪಟೆ ಬಂಡೆ ಮೇಲೆ ನಿನ್ನನ್ನು ಕೂರಿಸಿದೆ. ಬುತ್ತಿ ಬಿಚ್ಚಿದೆ. ನಿನ್ನ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಬಂಡೆಯ ಅಂಚಿಗಿತ್ತು. ನೀನು ಅಂದೆ, "ಅಪ್ಪಾ, ನೀರು ಚಹಾ ಆತು." ನಾನು ತಿರುಗಿ ಕೂಡ ನೋಡಲಿಲ್ಲ. "ಸುಮ್ನ ಕುಂದ್ರು, ರೊಟ್ಟಿ ತಿನ್ನು" ಅಂದೆ. ಸ್ವಲ್ಪ ಹೊತ್ತಿಗೆ ನೀನು ಮತ್ತೆ ಅಂದೆ, "ಹಾಲು ಹಾಕಿದ ಚಹಾ." ಆಗಲೂ ನೋಡಲಿಲ್ಲ. ಶೇಂಗಾ ಚಟ್ನಿಯ ಪೊಟ್ಟಣದ ಗಂಟು ಬಿಚ್ಚುತ್ತಿದ್ದೆ. ದಾರ ಬಿಗಿಯಾಗಿತ್ತು. ಎಷ್ಟು ಹೊತ್ತು ಬಿಚ್ಚಿದೆನೋ.

ಆಮೇಲೆ ಒಂದು ಚಪ್ಪಲಿ ತೇಲಿತು. ನೀನು ಅದನ್ನು ಹಿಡಿಯಲು ಎದ್ದೆ.

ಚಪ್ಪಲಿ ಇನ್ನು ಸ್ವಲ್ಪ ಒಳಗೆ ಇದ್ದಿದ್ದರೆ? ನೀನು ಅದನ್ನು ದಂಡೆಯಲ್ಲೇ ಬಿಟ್ಟು ಬಂದಿದ್ದರೆ? ನಾನು ಗಂಟನ್ನೇ ಬಿಚ್ಚುತ್ತಾ ಕೂತಿರುತ್ತಿದ್ದೆ. ಕೆಳಗೆ ಮೊದಲ ಧುಮುಕೇ 25 ಮೀಟರ್, ಅದರ ಮುಂದೆ ಇನ್ನೊಂದು 18. ಒಂದು ಮನೆಯ ಮೇಲೆ ಇನ್ನೊಂದು ಮನೆ ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ. ರಾತ್ರಿ ಎಚ್ಚರವಾದರೆ ನಾನು ಈ ಲೆಕ್ಕ ಹಾಕುತ್ತೇನೆ. ಚಪ್ಪಲಿ ಅಂಚಿನಿಂದ ಎಷ್ಟು ದೂರ ಇತ್ತು, ಒಂದು ಗೇಣೋ, ಎರಡು ಗೇಣೋ.

ಫ್ರಾಕ್ ಹಿಡಿದು ಎಳೆದೆ, ಎತ್ತಿಕೊಂಡೆ, ಮೊಳಕಾಲು ಮೇಲಿನ ನೀರಿನಲ್ಲಿ ದಂಡೆಗೆ ಬಂದೆ. ದಂಡೆಯಲ್ಲಿ ನಿನ್ನನ್ನು ಇಳಿಸಿ ಎಡಗೆನ್ನೆಗೆ ಹೊಡೆದೆ. "ಯಾಕ ಎದ್ದಿ?" ಅಂತ ಕೇಳಿದೆ. ನೀನು ಅಳಲಿಲ್ಲ. ಉಳಿದ ಒಂದು ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಬಸ್ಸಿನಲ್ಲಿ ನಾನೇ ಹೇಳಿಕೊಟ್ಟೆ, ಅವ್ವ ಕೇಳಿದರೆ ಚಪ್ಪಲಿ ಬಸ್ಸಿನಲ್ಲಿ ಕಳೆಯಿತು ಅನ್ನು ಅಂತ. ಎಂಟು ವರ್ಷದ ಮಗುವಿಗೆ ಸುಳ್ಳು ಕಲಿಸಿದೆ. ನೀನು ಹಾಗೇ ಹೇಳಿದೆ. ಕಳೆದುಕೊಂಡಿದ್ದಕ್ಕೆ ನಿಮ್ಮವ್ವನಿಂದಲೂ ಬೈಸಿಕೊಂಡೆ.

ಆ ಏಟಿಗೆ ಕ್ಷಮೆ ಕೇಳುತ್ತೇನೆ. ಆ ಸುಳ್ಳಿಗೂ. ನೀರು ಬಣ್ಣ ಬದಲಿಸಿದ್ದನ್ನು ಮೊದಲು ಕಂಡವಳು ನೀನು. ಎರಡು ಸಲ ಹೇಳಿದವಳು ನೀನು.

ಈ ಸಲ ನೀನು ವಜ್ರಪೋಹ ಅಂದಾಗ ನನ್ನ ಕಣ್ಣಿಗೆ ಕಂಡಿದ್ದು ಆ ನೀಲಿ ಪಟ್ಟಿ. ಅದಕ್ಕೇ ಒದರಿದೆ. ಕಾರಣ ಹೇಳಿದ್ದರೆ ನೀನು ಕೇಳುತ್ತಿದ್ದೆ. ನಾನು ಹೇಳಲಿಲ್ಲ. ಈಗ ಹೇಳುತ್ತೇನೆ, ಪೂರ್ತಿ ಓದು.

ಆ ಕಾಡು ನನಗೆ ಗೊತ್ತು. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ, ಗವಾಳಿ ಕಡೆ 22 ವರ್ಷ ಲೈನ್ ಹಿಂದೆ ಅಲೆದಿದ್ದೇನೆ. ಗೋಕಾಕದಲ್ಲಿ ಇಡೀ ವರ್ಷ ಬೀಳದಷ್ಟು ಮಳೆ ಕಣಕುಂಬಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಎಂಥ ಜಾಗ ಅದು! ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ತಿರುಗಿ ಗೋವಾಕ್ಕೆ ಇಳಿಯುತ್ತಾಳೆ. ಒಂದೇ ಮೋಡದ ನೀರು, ಒಂದಷ್ಟು ಆ ಸಮುದ್ರಕ್ಕೆ, ಒಂದಷ್ಟು ಈ ಸಮುದ್ರಕ್ಕೆ. ಕಂಬದ ಮೇಲಿಂದ ಆ ಗುಡ್ಡಗಳನ್ನು ನೋಡುವಾಗ ನಿನ್ನನ್ನು ಒಮ್ಮೆ ಕರೆತರಬೇಕು ಅಂದುಕೊಳ್ಳುತ್ತಿದ್ದೆ. ಮಲ್ಕಿಯ ನಂತರ ಕರೆಯುವ ಧೈರ್ಯ ಬರಲಿಲ್ಲ.

ವಜ್ರಪೋಹದಲ್ಲಿ ಮಹದಾಯಿ ಬೀಳುವುದು 60 ಮೀಟರ್. ಬೀಳುವ ನೀರು ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಹುಷಾರಾಗಿರುತ್ತಾರೆ. ಹೆದರಬೇಕಾದದ್ದು ಅದರ ಮೇಲಿನ ಸಪಾಟು ನೀರಿಗೆ. ಅಲ್ಲಿ ಹೊಳೆ ಮೆತ್ತಗೆ ಕಾಣುತ್ತದೆ. ಬಂಡೆಗೆ ಹಾವಸೆ ಹತ್ತಿರುತ್ತದೆ, ಎಂಥ ಬೂಟೂ ನಿಲ್ಲುವುದಿಲ್ಲ. ಹರಿಯುವ ನೀರು ಮೊಳಕಾಲು ಮುಟ್ಟಿದರೆ ಸಾಕು, ಗಟ್ಟಿ ಆಳನ್ನೂ ಕೆಡವುತ್ತದೆ. ಕೆಳಗಿನ ಮಡುವಿಗೆ ಈಸು ಬರುತ್ತದೆ ಅಂತ ಯಾರೂ ಇಳಿಯುವುದು ಬೇಡ. ನೊರೆ ನೀರಿನಲ್ಲಿ ಗಾಳಿ ತುಂಬಿರುತ್ತದೆ, ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ನಿನ್ನ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳು. ಬೆಂಗಳೂರಿನ ಈಜುಕೊಳದ ನೀರೇ ಬೇರೆ, ಈ ನೀರೇ ಬೇರೆ.

ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ದಪ್ಪವಾದರೆ, ಮೊಬೈಲು, ಚೀಲ, ಬುತ್ತಿ ಯಾವುದನ್ನೂ ನೋಡಬೇಡ. ದಂಡೆಗೆ ಬಾ, ದಂಡೆಯಿಂದ ಇನ್ನೂ ಮೇಲಕ್ಕೆ ಹೋಗು. ತಲೆ ಮೇಲೆ ಬಿಸಿಲಿದೆ ಅಂತ ನಂಬಬೇಡ. ಒಂದು ಸಲ ದಾಟಿದ ಹಳ್ಳ ಮರಳುವಾಗ ಅದೇ ಹಳ್ಳ ಆಗಿರುವುದಿಲ್ಲ. ಏರಿದ್ದರೆ ಈಚೆ ದಂಡೆಯಲ್ಲೇ ಕಾಯಿರಿ, ರಾತ್ರಿಯಾದರೂ ಪರವಾಗಿಲ್ಲ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹೋಗುವಾಗಲೇ ಊರಿನಲ್ಲಿ ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ. ಆ ಊರಿನ ಹಿರಿಯರು ಇವತ್ತು ಬೇಡ ಅಂದರೆ ಬೇಡ ಅಷ್ಟೇ. ಅವರೊಂದಿಗೆ ವಾದ ಮಾಡಬಾರದು. ಕಾಕಾ ಅಂತ ಮಾತಾಡಿಸು, ನಿನ್ನ ಅರ್ಧಂಬರ್ಧ ಮರಾಠಿ ಸಾಕು. ಜಿಗಣೆ ಹತ್ತಿದರೆ ಉಪ್ಪು ಹಾಕು. ಕರಡಿ ಇದ್ದಾವೆ, ಗುಂಪು ಬಿಟ್ಟು ಹೋಗಬೇಡ.

ಇನ್ನೊಂದು ಮಾತು. ಮಳೆಗಾಲದಲ್ಲಿ ಖಾನಾಪುರದ ಕಾಡಿನ ಜಲಪಾತಗಳಿಗೆ ಹೋಗುವವರನ್ನು ಅರಣ್ಯ ಇಲಾಖೆಯವರು ತಡೆಯುತ್ತಾರೆ. ನಿನಗೂ ಗೊತ್ತು ಅಲ್ವಾ? ಕಣ್ಣು ತಪ್ಪಿಸಿ ಒಳದಾರಿ ಹಿಡಿಯುವ ಹುಡುಗರು ಇದ್ದಾರೆ. ನಿನ್ನ ಗುಂಪಿನಲ್ಲಿ ಅಂಥವರು ಇದ್ದರೆ ಅವರ ಜೊತೆ ಹೋಗಬೇಡ. ಗಾರ್ಡುಗಳಿಗೆ ನಮ್ಮ ಮೇಲೇನೂ ಸಿಟ್ಟಿಲ್ಲ. ಮಡುವಿನಿಂದ ಹೆಣ ಎತ್ತುವಾಗ ನೀರಿನ ಹತ್ತಿರ ನಿಲ್ಲುವವರು ಅವರು, ಊರಿನವರು. ಒಂದು ಸಲ ನಾವು ಲೈನಿನವರೂ ಹಗ್ಗ ಹಿಡಿದು ನಿಂತಿದ್ದೆವು. ಆ ಹುಡುಗನ ಅಪ್ಪ ದಂಡೆಯಲ್ಲಿ ಕೂತಿದ್ದ. ಅದನ್ನು ಜಾಸ್ತಿ ಬರೆಯುವುದಿಲ್ಲ.

ನೀನು ಹೋಗಲೇಬೇಡ ಅಂತ ನಾನು ಅನ್ನುವುದಿಲ್ಲ. ಆಗಸ್ಟ್ ಬೇಡ. ದಸರೆಯ ಹೊತ್ತಿಗೂ ವಜ್ರಪೋಹದಲ್ಲಿ ನೀರು ಚೆನ್ನಾಗಿರುತ್ತದೆ, ತಿಳಿಯಾಗಿರುತ್ತದೆ, ದಾರಿಯ ಕೆಸರೂ ಆರಿರುತ್ತದೆ. ಪರವಾನಗಿ ಕೇಳಿಯೇ ಹೋಗೋಣ. ಹೋಗೋಣ ಅಂತ ಬರೆದೆ ನೋಡು. ನನ್ನನ್ನು ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಕರೆಯದಿದ್ದರೆ ಜಾಂಬೋಟಿಯಲ್ಲಿ ಚಹಾ ಅಂಗಡಿಯ ಮುಂದೆ ಕಾಯುತ್ತೇನೆ. ಮೊಳಕಾಲು ನೋವು ಈಗ ಕಡಿಮೆ ಇದೆ.

ನೀನು ಕುಮಾರ ಪರ್ವತ ಹತ್ತಿದ ಫೋಟೋ ನನ್ನ ಮೊಬೈಲಿನಲ್ಲಿದೆ. 1,712 ಮೀಟರ್ ಅಂತ ನೀನೇ ಬರೆದಿದ್ದೆ. ವಡಗಾವಿಯ ಓಣಿಯಲ್ಲಿ ಅದನ್ನು ನೋಡದವರು ಯಾರೂ ಉಳಿದಿಲ್ಲ. ಹಳೆಯ ಜೊತೆಗಾರನೊಬ್ಬ ನೋಡಿ, "ಕಂಬ ಹತ್ತೋ ಕಾಲು ಮಗಳಿಗೆ ಬಂದಾವ" ಅಂದ. ನಿನಗೆ ಹೇಳಬೇಕು ಅಂದುಕೊಂಡಿದ್ದೆ. ಪಂಚಮಿಗೆ ಬರುತ್ತೀಯಲ್ಲ, ಎದುರಿಗೇ ಹೇಳೋಣ ಅಂತ ಇಟ್ಟುಕೊಂಡಿದ್ದೆ. ನೀನು ಬಂದ ದಿನ ಒದರುವುದೇ ಆಯಿತು.

ಉಂಡಿ ಕೆಟ್ಟಿಲ್ಲ, ನೋಡಿಯೇ ಕಳಿಸಿದ್ದೇವೆ. ಮೇಲಿನವು ಶೇಂಗಾದ್ದು, ಕೆಳಗಿನವು ಎಳ್ಳಿನದು. ಅಳ್ಳಿನ ಉಂಡಿ ಪುಡಿಯಾಗಿರಬಹುದು, ಚಮಚದಲ್ಲಿ ತಿನ್ನು. ಡಬ್ಬಿ ನಿಮ್ಮಜ್ಜಿಯದು, ದಸರೆಗೆ ಬರುವಾಗ ಮರೆಯದೆ ತಗೊಂಡು ಬಾ ಅಂತ ನಿಮ್ಮವ್ವ ಹೇಳಿದ್ದಾಳೆ.

ನಿನ್ನ
ಅಪ್ಪ