ದುಡ್ಡು ಕೊಡೋದಾದ್ರೆ ಜಾಗಕ್ಕೆ ಕೊಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಿನಲ್ಲಿ ಓದುಗರೊಬ್ಬರು ಬರೆದಿದ್ರು, ಆಫ್ರಿಕಾದ ಹುಡುಗ ಹುಡುಗೀರು ಹಾಡು ಕಟ್ಟೋಕೆ, ನಾಟಕ ಆಡೋಕೆ, ಗೋಡೆ ಮೇಲೆ ಚಿತ್ರ ಬಿಡಿಸೋಕೆ ಅಂತ ಹೊರಗಿನ ಸಂಸ್ಥೆಗಳು ಯಾಕೆ ದುಡ್ಡು ಕೊಡಬೇಕು, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಂಗಾಯ್ತು ಅಂತ. ಎರಡು ದಿನ ಸುಮ್ನಿದ್ದೆ, ಆಗ್ಲಿಲ್ಲ, ಅದಕ್ಕೆ ಬರೀತಿದ್ದೀನಿ.

ನಂದು ಸಾಗರದ ಹತ್ರ ಒಂದು ಹಳ್ಳಿ. ಅಡಿಕೆ ತೋಟ ಇದೆ, ಅದರ ಜೊತೆಗೆ ಸುಮಾರು ಇಪ್ಪತ್ತು ವರ್ಷದಿಂದ ಊರಿನ ಹುಡುಗರನ್ನ ಸೇರಿಸ್ಕೊಂಡು ನಾಟಕ ಮಾಡ್ತಾ ಬಂದಿದ್ದೀನಿ. ಕೆಲವು ವರ್ಷದ ಹಿಂದೆ ನಮ್ಮ ಹುಡುಗರು ಹೊಳೆಯಿಂದ ಮರಳು ಎತ್ತೋದರ ಮೇಲೆ ಅವರೇ ಕೂತು ಒಂದು ನಾಟಕ ಕಟ್ಟಿದ್ರು, ಮುಕ್ಕಾಲು ಗಂಟೆದು. ಪ್ರಾಕ್ಟೀಸ್ ಎಲ್ಲಾ ನಮ್ಮ ಮನೆಯ ಅಡಿಕೆ ಒಣಗಿಸೋ ಶೆಡ್ಡಲ್ಲೇ, ಜೋರು ಮಳೆ ಬಂತು ಅಂದ್ರೆ ತಗಡಿನ ಸದ್ದಿಗೆ ಪಕ್ಕದವನ ಮಾತೇ ಕೇಳ್ತಿರಲಿಲ್ಲ, ಅವನ ತುಟಿ ನೋಡಿ ಇವರು ಮುಂದಿನ ಮಾತು ಹೇಳೋರು. ಕೊನೆಗೆ ಶೋ ದಿನ ಬಂತು, ಸಂಜೆ ನಾಲ್ಕು ಗಂಟೆಗೆ ಸಭಾಭವನದ ಹತ್ರ ಹೋದ್ರೆ ಬಾಗಿಲಿಗೆ ಬೀಗ. ಕೇಳಿದ್ರೆ ಬೀಗದ ಕೈ ಇಟ್ಕೊಂಡೋರು ಯಾವುದೋ ಮದುವೆಗೆ ಹೋಗಿದಾರೆ ಅಂದ್ರು. ನಾಟಕ ಆಡಬೇಡಿ ಅಂತ ಯಾರೂ ಹೇಳ್ಲಿಲ್ಲ ನೋಡಿ, ಒಂದು ಮಾತೂ ಹೇಳ್ಲಿಲ್ಲ. ಹೊಳೆಯ ಪಾರ್ಟು ಮಾಡ್ತಿದ್ದ ಹುಡುಗಿ ಅವಳ ಅಮ್ಮನ ನೀಲಿ ಸೀರೆ ಉಟ್ಕೊಂಡು ಮೆಟ್ಟಿಲ ಮೇಲೆ ಏಳು ಗಂಟೆವರೆಗೂ ಕೂತಿದ್ಲು. ಆಮೇಲೆ ಸೀರೆ ಬಿಚ್ಚಿ ಮಡಿಸಿ ಪೇಪರಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡು ಹೋದವಳು ಮತ್ತೆ ನಾಟಕಕ್ಕೆ ಬರಲೇ ಇಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಆಫ್ರಿಕಾದಲ್ಲಿ ಕಲಾವಿದರ ಬಾಯಿ ಮುಚ್ಚಿಸಿದ ಕಥೆ ಓದಿದಾಗೆಲ್ಲ ನಂಗೆ ಆ ಬೀಗ ನೆನಪಾಗುತ್ತೆ. ಅಲ್ಲಿ ನಡೆದಿದ್ದು ಇದಕ್ಕಿಂತ ನೂರು ಪಾಲು ಘೋರ. ಕೀನ್ಯಾದಲ್ಲಿ ಲಿಮುರು ಹತ್ರ ಕಮಿರೀಥು ಅಂತ ಊರು. ಅಲ್ಲಿಯ ಕೂಲಿಯವರು, ಫ್ಯಾಕ್ಟರಿ ಕೆಲಸದವರು, ರೈತರು ಎಲ್ಲಾ ಸೇರ್ಕೊಂಡು ತಾವೇ ಸುಮಾರು 2000 ಜನ ಕೂರೋ ಬಯಲು ರಂಗಮಂದಿರ ಕಟ್ಟಿದ್ರು. 1977ರ ಅಕ್ಟೋಬರಲ್ಲಿ ಅವರದ್ದೇ ಗಿಕುಯು ಭಾಷೆಯಲ್ಲಿ ನಾಟಕ ಆಡಿದ್ರು, ಬರೆದವರಲ್ಲಿ ಒಬ್ರು 2025ರ ಮೇ ತಿಂಗಳಲ್ಲಿ ತೀರಿಕೊಂಡ ಗೂಗಿ ವಾ ಥಿಯಾಂಗೊ. ಅದುವರೆಗೆ ಆ ಮನುಷ್ಯ ಇಂಗ್ಲಿಷಲ್ಲಿ ಎಷ್ಟು ಖಾರವಾಗಿ ಬರೆದ್ರೂ ಜೈಲಿಗೆ ಹಾಕಿರಲಿಲ್ಲ, ಹೊಲದಲ್ಲಿ ಕೆಲಸ ಮಾಡೋರು ತಮ್ಮ ಮಾತಲ್ಲೇ ಆಡೋಕೆ ಶುರು ಮಾಡಿದ್ರಲ್ಲ, ಆರೇ ವಾರಕ್ಕೆ ನಾಟಕ ಬಂದ್, ಡಿಸೆಂಬರ್ 31ಕ್ಕೆ ಅರೆಸ್ಟು, ವಿಚಾರಣೆನೇ ಇಲ್ಲದೆ ಸುಮಾರು ಒಂದು ವರ್ಷ ಜೈಲು. ಅಷ್ಟಕ್ಕೇ ಬಿಡ್ಲಿಲ್ಲ. ಊರವರು ಇನ್ನೊಂದು ನಾಟಕಕ್ಕೆ ತಯಾರಾದ್ರು ಅಂತ 1982ರಲ್ಲಿ ಪೊಲೀಸರು ಬಂದು ಆ ರಂಗಮಂದಿರಾನೇ ನೆಲಸಮ ಮಾಡಿದ್ರು.

ಅದೇ 1977ರಲ್ಲಿ ನೈಜೀರಿಯಾದ ಲಾಗೋಸಲ್ಲಿ ಹಾಡುಗಾರ ಫೆಲಾ ಕುಟಿ ತನ್ನ ಬ್ಯಾಂಡಿನವರ ಜೊತೆ ಇದ್ದ ಮನೆಗೆ ಸೈನಿಕರು ನುಗ್ಗಿ ಬೆಂಕಿ ಹಚ್ಚಿದ್ರು, ವಯಸ್ಸಾದ ತಾಯಿಯನ್ನ ಕಿಟಕಿಯಿಂದ ಎಸೆದ್ರು, ಮರುವರ್ಷ ಆಕೆ ತೀರಿಕೊಂಡ್ರು. ಇದೆಲ್ಲ ಹಳೇ ಕಾಲದ್ದು ಅಂತೀರಾ, 2017ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಮೋಟೋ ರಿಪಬ್ಲಿಕ್ ಅಂತ ಹುಡುಗರು ಹಡಗಿನ ಕಂಟೇನರುಗಳನ್ನ ಜೋಡಿಸಿ ಕಲೆಗೆ ಅಂತ ಮಾಡ್ಕೊಂಡಿದ್ದ ಜಾಗದ ಒಂದು ಭಾಗಾನ ನಗರಸಭೆಯವರು ಕೆಡವಿದ್ರು. ಎಲ್ಲಾ ಕಡೆ ನೋಡಿ, ಕೈ ಹಾಕೋದು ಜಾಗಕ್ಕೇ. ನಾಟಕ ಒಂದನ್ನ ನಿಲ್ಲಿಸಿದ್ರೆ ಇನ್ನೊಂದು ಬರೀತಾರೆ, ಕೂತು ಮಾತಾಡೋ ಜಾಗಾನೇ ಇಲ್ಲ ಅಂದ್ರೆ ಹುಡುಗರು ಒಬ್ಬೊಬ್ಬರಾಗಿ ಮನೆ ಸೇರ್ಕೋತಾರೆ, ನೀಲಿ ಸೀರೆಯ ಹುಡುಗಿ ಹೋದ ಹಾಗೆ.

2025ರ ಏಪ್ರಿಲಲ್ಲಿ ಕೀನ್ಯಾದ ನಕೂರುನಲ್ಲಿ ಶಾಲಾ ನಾಟಕ ಸ್ಪರ್ಧೆ ನಡೀತಿತ್ತು. ಬುಟೇರೆ ಹೆಣ್ಣುಮಕ್ಕಳ ಶಾಲೆಯ ನಾಟಕದಲ್ಲಿ ಸರ್ಕಾರದ ಟೀಕೆ ಇದೆ ಅಂತ ಮೊದಲು ಹೊರಗಿಟ್ಟಿದ್ರು, ಹೈಕೋರ್ಟ್ ಆಡೋಕೆ ಬಿಡಿ ಅಂತ ಆರ್ಡರ್ ಮಾಡಿತು. ಆದ್ರೂ ಬರೆದವರನ್ನ ಪೊಲೀಸರು ಹಿಡ್ಕೊಂಡು ಹೋದ್ರು, ನೋಡೋಕೆ ಬಂದ ಜನರ ಮೇಲೆ ಅಶ್ರುವಾಯು ಬಿಟ್ರು. ಆ ಮಕ್ಕಳು ಸ್ಟೇಜಿಗೆ ಬಂದು ರಾಷ್ಟ್ರಗೀತೆ ಹಾಡಿ, ನಾಟಕ ಆಡದೆ ಹೊರಗೆ ನಡೆದ್ರು. ನಮ್ಮ ಹೈಸ್ಕೂಲು ಹುಡುಗೀರ ವಯಸ್ಸಿನವರು ಅವರು. ಅದನ್ನ ಓದಿದ ದಿನ ನಂಗೆ ಊಟ ಸೇರಲಿಲ್ಲ, ನಿಜವಾಗ್ಲೂ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಕಲೆ ಹೊಟ್ಟೆ ತುಂಬಿಸಲ್ಲ ಅನ್ನೋದು ತಪ್ಪು. 2021ರಲ್ಲಿ ಯುನೆಸ್ಕೋದವರು ಕೊಟ್ಟ ಲೆಕ್ಕದಲ್ಲಿ ಆಫ್ರಿಕಾದ ಸಿನಿಮಾ, ಟೀವಿ ಕೆಲಸದಿಂದಲೇ ಸುಮಾರು 50 ಲಕ್ಷ ಜನ ಬದುಕ್ತಿದಾರೆ. ಆದ್ರೆ ನಾನು ಇದನ್ನೇ ಹಿಡ್ಕೊಂಡು ವಾದ ಮಾಡಲ್ಲ, ದುಡಿಮೆ ಆಗದೇ ಇದ್ರೂ ಮನುಷ್ಯ ಮಾತಾಡ್ಬೇಕು ಅನ್ನೋನು ನಾನು. ನಂದು ಹೇಳೋದಿಷ್ಟೇ, ದುಡ್ಡು ಕೊಡೋರು ಹಬ್ಬಕ್ಕೆ, ಒಂದು ದಿನದ ಕಾರ್ಯಕ್ರಮಕ್ಕೆ, ಬ್ಯಾನರಿಗೆ ಕೊಡೋದನ್ನ ಕಡಿಮೆ ಮಾಡಿ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ, ಜಾಗ ನೋಡ್ಕೊಳ್ಳೋ ಒಬ್ಬರ ಸಂಬಳಕ್ಕೆ, ಕೇಸು ಬಿದ್ರೆ ವಕೀಲರಿಗೆ ಕೊಡಲಿ, ಅದೂ ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ. ನಾವೂ ಒಂದ್ಸಲ ಒಂದು ಕಡೆ ಅರ್ಜಿ ಹಾಕಿದ್ವಿ, ಲೈಟು, ಮೇಕಪ್ಪು, ವ್ಯಾನಿನ ಬಾಡಿಗೆ ಎಲ್ಲಾ ಕೊಡ್ತೀವಿ, ಪ್ರಾಕ್ಟೀಸ್ ಮಾಡೋ ಕೋಣೆಯ ಬಾಡಿಗೆ ಮಾತ್ರ ಕೊಡೋಕೆ ಬರಲ್ಲ ಅಂದ್ರು! ಆರು ತಿಂಗಳು ಎಲ್ಲಿ ಕೂತು ಕಲಿಯೋದು ಮಾರಾಯ್ರೇ?

ಟಾಂಜಾನಿಯಾದ ದಾರ್ ಎಸ್ ಸಲಾಮಲ್ಲಿ ನಫಾಸಿ ಅಂತ ಒಂದು ಕಲಾ ಕೇಂದ್ರ ಇದೆ, ಕಂಟೇನರುಗಳನ್ನೇ ಸ್ಟುಡಿಯೋ ಮಾಡ್ಕೊಂಡು ಚಿತ್ರ ಬರೆಯೋರು ಕೆಲಸ ಮಾಡ್ತಾರೆ. ನಫಾಸಿ ಅಂದ್ರೆ ಸ್ವಾಹಿಲಿಯಲ್ಲಿ ಜಾಗ ಅಂತಾನೂ ಆಗುತ್ತೆ, ಅವಕಾಶ ಅಂತಾನೂ ಆಗುತ್ತೆ. ನಾವು ಆಸ್ಪದ ಅಂತೀವಲ್ಲ, ಅದೇ. ನೈರೋಬಿಯಲ್ಲಿ ಗೋಡೌನ್ ಆರ್ಟ್ಸ್ ಸೆಂಟರ್ 2003ರಲ್ಲಿ ಶುರುವಾಗಿದ್ದು ಹೆಸರೇ ಹೇಳೋ ಹಾಗೆ ಒಂದು ಹಳೇ ಗೋಡೌನಲ್ಲಿ. ಇಂಥವು ಹತ್ತು ಊರಲ್ಲಿ ಉಳ್ಕೊಂಡ್ರೆ ಸಾಕು.

ಮತ್ತೆ ಹೊರಗಿನ ದುಡ್ಡು ಅಂದ ಕೂಡ್ಲೆ ಅನುಮಾನ ಪಡೋರು ನಮ್ಮ ಪಕ್ಕದ ಹೆಗ್ಗೋಡನ್ನ ನೆನಪು ಮಾಡ್ಕೊಳ್ಳಿ. ಕೆ.ವಿ. ಸುಬ್ಬಣ್ಣನವರು ಮತ್ತು ಗೆಳೆಯರು 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರು ಮಾಡಿದ್ದು ಊರಿನ ದುಡಿಮೆಯಿಂದ, ಆದ್ರೆ 1980ರ ದಶಕದಲ್ಲಿ ಅವರ ಜನಸ್ಪಂದನ ಯೋಜನೆಗೆ ಅಮೆರಿಕದ ಫೋರ್ಡ್ ಫೌಂಡೇಶನ್ ನೆರವು ಬಂದಿತ್ತು. ಅದರಿಂದ ಹೆಗ್ಗೋಡು ಅಮೆರಿಕ ಆಯ್ತಾ? ಹಳ್ಳಿ ಹಳ್ಳಿಗೆ ಹೋಗಿ ನಾಟಕ, ಸಿನಿಮಾ ಶಿಬಿರ ಮಾಡಿದ್ರು. ಆ ಕಾಲದಲ್ಲೇ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಜನರ ಜೊತೆ ನೈಜೀರಿಯಾದ ಒಂದು ಕಾದಂಬರಿ ಇಟ್ಕೊಂಡು ಕನ್ನಡ ನಾಟಕ ಆಡಿಸಿದ್ರು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಕನ್ನಡಾನೂ ಮಾತಾಡ್ತಾರೆ, ಇವತ್ತು ಅವರಲ್ಲಿ ನೀನಾಸಂ ಕಲಿತು ಸಿನಿಮಾದಲ್ಲಿ ಹೆಸರು ಮಾಡಿದವರಿದ್ದಾರೆ. ಹಂಗಾಗಿ ಆಫ್ರಿಕಾದ ಮಕ್ಕಳ ವಿಷಯ ನಮಗ್ಯಾಕೆ ಅನ್ನೋ ಮಾತು ಮಲೆನಾಡಿನವರ ಬಾಯಲ್ಲಿ ಬರಬಾರದು.

ಒಂದು ಮಾತು ಮಾತ್ರ ಆ ಓದುಗರದ್ದು ಸರಿ. ದೂರದವರ ದುಡ್ಡು ಯಾವಾಗ ನಿಲ್ಲುತ್ತೋ ಹೇಳೋಕಾಗಲ್ಲ, ಅಮೆರಿಕ 2025ರಲ್ಲಿ ಹೊರದೇಶಗಳಿಗೆ ನೆರವು ಕೊಡ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿಬಿಡ್ತು. ಅದಕ್ಕೇ ಯಾರಿಗೆ ಎಷ್ಟು ಅನ್ನೋ ತೀರ್ಮಾನ ಅಲ್ಲಿಯವರ ಕೈಯಲ್ಲೇ ಇರಬೇಕು. ಮಾಲಿಯ ಬಮಾಕೋದಲ್ಲಿ ಆಫ್ರಿಕಾದ ಕಲಾವಿದರೇ ಸೇರಿ ನಡೆಸೋ ಆಫ್ರಿಕನ್ ಕಲ್ಚರ್ ಫಂಡ್ ಇದೆ, ಕೊಡೋರು ಅಂಥದ್ದಕ್ಕೆ ಕೊಡಲಿ. ನಮ್ಮ ಭಾರತ ಸರ್ಕಾರಾನೂ ಆಫ್ರಿಕಾದ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುತ್ತೆ, ಅದರ ಜೊತೆಗೆ ಇದಕ್ಕೂ ಒಂದಿಷ್ಟು ಎತ್ತಿಡಲಿ.

ನಮ್ಮ ಕಡೆಯ ಎಷ್ಟೋ ಹುಡುಗರು ಕೆಲಸಕ್ಕೆ ಅಂತ ನೈರೋಬಿ, ಕಂಪಾಲಾದಲ್ಲಿ ಇದ್ದಾರೆ, ನಿಮ್ಮ ಪೇಪರನ್ನ ಮೊಬೈಲಲ್ಲಿ ಓದ್ತಾರೆ. ಅವರಿಗೆ ನಂದೊಂದು ವಿನಂತಿ. ಭಾನುವಾರ ಒಂದ್ಸಲ ಅಲ್ಲಿಯ ಕಲಾ ಕೇಂದ್ರಕ್ಕೆ ಹೋಗಿ, ಟಿಕೆಟ್ ತಗೊಂಡು ನಾಟಕ ನೋಡಿ. ಮುಗಿದ ಮೇಲೆ ಹುಡುಗರನ್ನ ಮಾತಾಡಿಸಿ, ಈ ತಿಂಗಳ ಬಾಡಿಗೆ ಕಟ್ಟಿ ಆಗಿದೆಯಾ ಅಂತ ಕೇಳಿ.

ಇಂತಿ,
ಸಾಗರ ತಾಲೂಕಿನ ಒಬ್ಬ ಓದುಗ