ಕಳುಹಿಸಿಕೊಡುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಹಿರಿಯರ ಸಮಿತಿ ಮುಗಿದ ಮೇಲೆ ನೀನು ನನ್ನೊಡನೆ ಮಾತನಾಡಿಲ್ಲ. ನಾನೂ ನಿನ್ನನ್ನು ಮಾತನಾಡಿಸಲಿಲ್ಲ. ಭಾನುವಾರದ ಆರಾಧನೆಯ ಕೊನೆಯಲ್ಲಿ ನಿಮ್ಮನ್ನು ಹೊಸದೊಂದು ಕ್ರೈಸ್ತ ಸಭೆ ಕಟ್ಟುವ ಕೆಲಸಕ್ಕೆ ಕಳುಹಿಸಿಕೊಡುತ್ತಾರೆ. ಅಷ್ಟರೊಳಗೆ ಇದು ನಿನ್ನ ಕೈ ಸೇರಲೆಂದು ಕುಳಿತು ಬರೆಯುತ್ತಿದ್ದೇನೆ. ನಿಮ್ಮನ್ನು ಈಗಲೇ ಕಳುಹಿಸಬಾರದೆಂದು ಅಂದು ನಾನು ಆಡಿದ್ದೆಲ್ಲ ನಿನಗೆ ನೆನಪಿದೆ. ನನ್ನನ್ನು ಬಿಡದೆ ಕಾಡುತ್ತಿರುವುದು ನಿನ್ನ ಉತ್ತರ: “ಅಪ್ಪಾ, ಅಂತಿಯೋಕ್ಯದ ಸಭೆ ಕಳುಹಿಸಿದ್ದು ಮಿಕ್ಕುಳಿದವರನ್ನಲ್ಲ.”

ಆ ರಾತ್ರಿ ಬೈಬಲಿನ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯ ತೆರೆದು ಅಂತಿಯೋಕ್ಯ ಸಭೆಯ ಪ್ರವಾದಿಗಳ, ಬೋಧಕರ ಹೆಸರುಗಳನ್ನು ಎಣಿಸಿದೆ. (ಎಣಿಸುವ ಚಟ ನನಗೆ ಇನ್ನೂ ಹೋಗಿಲ್ಲ.) ಬಾರ್ನಬ, ನೀಗರನೆನಿಸಿಕೊಂಡ ಸಿಮೆಯೋನ, ಕುರೇನ್ಯದ ಲೂಕ್ಯ, ಮೆನಹೇನ, ಮುಂದೆ ಪೌಲನೆನಿಸಿಕೊಂಡ ಸೌಲ, ಒಟ್ಟು ಐವರು. ಅವರಲ್ಲಿ ಆ ಸಭೆ ಬಿಟ್ಟುಕೊಟ್ಟದ್ದು ಬಾರ್ನಬನನ್ನೂ ಸೌಲನನ್ನೂ, ಅಂದರೆ ಒಂದು ವರ್ಷವಿಡೀ ತನ್ನೊಡನಿದ್ದು ಬೋಧಿಸಿದ ಅದೇ ಇಬ್ಬರನ್ನು. ಇವರು ಹೋದರೆ ನಮಗೆ ಬೋಧಿಸುವವರು ಯಾರೆಂದು ಕೇಳಿದ ಹಿರಿಯನೊಬ್ಬ ಅಲ್ಲಿಯೂ ಇದ್ದಿರಬೇಕು. ಅವನ ಮಾತನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ. ಮೊನ್ನೆ ಆ ಹಿರಿಯ ನಾನಾದೆ. ನಿನ್ನ ಜೊತೆ ಹೊರಟ ಕುಟುಂಬಗಳ ಪಟ್ಟಿಯಲ್ಲಿ ಹಾಡುವವರೆಷ್ಟು, ಸಂಡೇ ಸ್ಕೂಲಿನಲ್ಲಿ ಕಲಿಸುವವರೆಷ್ಟು, ತಪ್ಪದೆ ಕಾಣಿಕೆ ಕೊಡುವವರೆಷ್ಟು ಎಂದು ಲೆಕ್ಕ ಹಾಕಿ, ಎರಡು ವರ್ಷ ತಡೆಯಲಿ ಎಂದೆ. ಎರಡೇ ವರ್ಷ ಏಕೆಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ನೀನು ಎದ್ದು ನಿಂತು ಮಾತನಾಡುವಾಗ ನನಗೆ ಸಿಟ್ಟು ಬಂದದ್ದು ನಿಜ. ಪಕ್ಕದಲ್ಲಿ ಕುಳಿತವರಿಗೆ ‘ಇವಳು ನನ್ನ ಮಗಳು’ ಎಂದು ಹೇಳಬೇಕೆನಿಸಿದ್ದೂ ಅಷ್ಟೇ ನಿಜ.

ನಮ್ಮ ಸಭಾಮಂದಿರ ಮೊದಲ ಬಾರಿಗೆ ತುಂಬಿದ ಭಾನುವಾರ ನಿನಗೆ ಹನ್ನೊಂದು ವರ್ಷ. ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿದ್ದೆ. ಮೊದಲ ಹಾಡು ಮುಗಿಯುವ ಹೊತ್ತಿಗೆ, ನಾವು ಹಿಂದೆಂದೂ ಕಂಡಿರದ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಬಂದಳು. ಒಳಗೆ ಜಾಗವಿಲ್ಲ, ಎರಡನೆಯ ಆರಾಧನೆಗೆ ಬನ್ನಿ ಎಂದೆ. ಮರ್ಯಾದೆಯಿಂದಲೇ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ನೀನು ಎದ್ದು ನಿನ್ನ ಕುರ್ಚಿಯನ್ನು ತೋರಿಸಿದೆ. ನಾನು ಕಣ್ಣಿನಲ್ಲೇ ಗದರಿಸಿ ಕೂರಿಸಿದೆ. ಅವಳು ತಲೆಯಾಡಿಸಿ ಮೆಟ್ಟಿಲಿಳಿದು ಹೋದಳು. ಎರಡನೆಯ ಆರಾಧನೆಗೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ನಾನು ಆ ದಿನದ ಸಂಖ್ಯೆಯನ್ನು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

ಆ ಸಂಖ್ಯೆ ಎಷ್ಟೆಂಬುದು ಮರೆತುಹೋಗಿದೆ. ಮಗುವಿನ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಅದು ತಾಯಿಯ ಕೈಯಲ್ಲಿತ್ತು, ಅದು ಮಾತ್ರ ಮರೆತಿಲ್ಲ. ದಾರಿಯಲ್ಲಿ ಕಳಚಿ ಬಿದ್ದದ್ದನ್ನು ಹಾಕಲು ಪುರಸೊತ್ತಿಲ್ಲದೆ ಅವಸರದಲ್ಲಿ ಬಂದಿದ್ದಳೋ ಏನೋ. ಅವಳನ್ನು ಗೋಡೆಯ ಬಳಿ ನಿಲ್ಲಿಸಬಹುದಿತ್ತಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿನಗೆ ಇದುವರೆಗೆ ಹೇಳದಿದ್ದ ಮಾತೊಂದಿದೆ. ಒಳಗೆ ಒಂದು ಕುರ್ಚಿ ಖಾಲಿ ಇತ್ತು. ವೇದಿಕೆಯ ಮೇಲೆ ಹಿರಿಯರ ಸಾಲಿನಲ್ಲಿದ್ದ ನನ್ನ ಕುರ್ಚಿ ಅದು.

ಕರ್ತನಾದ ಯೇಸು ಬಾಗಿಲಲ್ಲಿ ನಿಂತು ತಟ್ಟುತ್ತಿದ್ದಾನೆ ಎಂಬ ಮಾತನ್ನು ನಾವು ಇನ್ನೂ ನಂಬದವರಿಗೆ ಹೇಳುತ್ತೇವೆ. ಬೈಬಲಿನ ಪ್ರಕಟನೆ ಗ್ರಂಥದ 3ನೆಯ ಅಧ್ಯಾಯದಲ್ಲಿ ಅದನ್ನು ಬರೆದದ್ದು ಲವೊದಿಕೀಯದ ಸಭೆಗೆ. ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದ ಆ ಪಟ್ಟಣವು ರೋಮಿನ ನೆರವಿಲ್ಲದೆ ತನ್ನದೇ ಸಂಪತ್ತಿನಿಂದ ಮತ್ತೆ ಎದ್ದಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಊರಿನ ಆ ಬಿಗುಮಾನ ಸಭೆಗೂ ಅಂಟಿತ್ತೇನೋ; ತಾನು ಐಶ್ವರ್ಯವಂತ, ತನಗೇನೂ ಕೊರತೆಯಿಲ್ಲ ಎಂದುಕೊಂಡಿತು. ಹಾಗೆಂದುಕೊಂಡ ಸಭೆಯ ಬಾಗಿಲ ಹೊರಗೆ ಅದರ ಕರ್ತನೇ ನಿಂತಿದ್ದ. ಇದನ್ನು ಓದುವಾಗಲೆಲ್ಲ ನನಗೆ ಆ ಚಪ್ಪಲಿ ಕಾಣುತ್ತದೆ.

ನೀನು ಸೋಲುವೆಯೆಂಬ ಭಯ ನಿನ್ನ ಅಮ್ಮನಿಗಿದೆ, ನನಗಿಲ್ಲ. ನಿಮ್ಮ ಕುರ್ಚಿಗಳೂ ತುಂಬುವ ಭಾನುವಾರವನ್ನು ನೆನೆದರೆ ನನಗೆ ಭಯವಾಗುತ್ತದೆ. ಉಪದೇಶ ಮಾಡಬಾರದೆಂದೇ ಬರೆಯಲು ಕುಳಿತೆ, ಆದರೂ ಕೇಳು. ಕಾಣಿಕೆಯ ಮೊದಲ ಪಾಲನ್ನು ಸಭೆಯ ಹೊರಗಿನ ಸೇವೆಗೆ ಎತ್ತಿಟ್ಟು, ಬಾಡಿಗೆಯ ಲೆಕ್ಕವನ್ನು ಆಮೇಲೆ ಮಾಡಿರಿ. ನಾವು ಮೊದಲು ಕಟ್ಟಡ ಮುಗಿಯಲಿ ಎಂದೆವು, ಕಟ್ಟಡವೆಂಬುದು ಮುಗಿಯುವ ವಸ್ತುವಲ್ಲ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರಾವಿಯನ್ನರೆಂಬ ಪ್ರೊಟೆಸ್ಟೆಂಟ್ ಕ್ರೈಸ್ತರು 1722ರಲ್ಲಿ ಕೌಂಟ್ ಜಿನ್ಜೆನ್‌ಡಾರ್ಫನ ಜಮೀನಿನಲ್ಲಿ ನೆಲೆ ಬೇಡಿ ಬಂದ ನಿರಾಶ್ರಿತರು. ತಮ್ಮೊಳಗೆ ಜಗಳವಾಡಿದರು, ರಾಜಿಯಾದರು, ಇನ್ನೂ ಸರಿಯಾಗಿ ನೆಲೆಯೂರಿರಲಿಲ್ಲ. 1732ರಲ್ಲಿಯೇ ಕುಂಬಾರ ಡೋಬರ್ ಮತ್ತು ಬಡಗಿ ನಿಚ್‌ಮನ್ ಎಂಬಿಬ್ಬರನ್ನು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಗುಲಾಮರ ಬಳಿಗೆ ಕಳುಹಿಸಿದರು. ನಮಗಿರುವ ಅನುಕೂಲದಲ್ಲಿ ಕಾಲು ಪಾಲೂ ಅವರಿಗಿರಲಿಲ್ಲ. ನಿಮ್ಮ ಸಭೆಯೂ ಬೆಳೆದು, ಯಾರಾದರೂ ಎದ್ದು ಹೊರಡುತ್ತೇವೆ ಎಂದಾಗ, ಪಟ್ಟಿ ತೆಗೆದು ಲೆಕ್ಕ ಹಾಕಬೇಡ. ಜನ ನಿನ್ನ ಹೆಸರನ್ನೇ ಹೇಳತೊಡಗಿದರೆ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಅವರ ಮುಂದೆ ಓದು: ನೆಟ್ಟವನು ತಾನು, ನೀರೆರೆದವನು ಅಪೊಲ್ಲೋಸ, ಬೆಳೆಸಿದವನು ದೇವರು. ಹಾಗೆಯೇ ತಿಂಗಳಿಗೊಮ್ಮೆಯಾದರೂ ನೀನೇ ಬಾಗಿಲಲ್ಲಿ ನಿಲ್ಲು, ಪುಸ್ತಕವಿಲ್ಲದೆ.

ನೋಡು, ಉಪದೇಶವೇ ಆಯಿತು. ಸಮಿತಿಯಲ್ಲಿ ನಾನು ನಿನಗೆ ಅಡ್ಡ ನಿಂತದ್ದು ತಪ್ಪು. ನೀನು ಹನ್ನೊಂದರ ವಯಸ್ಸಿನಲ್ಲಿ ಎದ್ದು ನಿಂತಾಗ ಕೂರಿಸಿದ್ದೂ ತಪ್ಪು. ಎರಡಕ್ಕೂ ಕ್ಷಮೆ ಕೇಳುತ್ತೇನೆ. ಹಾಗೆಂದು ಆ ಪಟ್ಟಿಯ ಬಗ್ಗೆ ನನ್ನ ಸಂಕಟವೆಲ್ಲ ಕರಗಿತೆಂದು ತಿಳಿಯಬೇಡ. ಮುಂದಿನ ವಾರದ ಹಾಡಿಗೆ ಯಾರಿದ್ದಾರೆಂದು ಈಗಲೂ ಲೆಕ್ಕ ಹಾಕುತ್ತಿದ್ದೇನೆ.

ಭಾನುವಾರ ನಿಮ್ಮ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಹಿರಿಯರೊಡನೆ ನಾನೂ ಬರಬೇಕೆಂದು ಸಭಾಪಾಲಕರು ಕೇಳಿದ್ದಾರೆ. ನಿನ್ನನ್ನು ಕೇಳದೆ ಒಪ್ಪಲು ಮನಸ್ಸಾಗಲಿಲ್ಲ. ಆ ಹೊತ್ತಿನಲ್ಲಿ ನಾನು ಬಾಗಿಲ ಬಳಿ ಇರುತ್ತೇನೆ. ನೀನು ಒಮ್ಮೆ ತಿರುಗಿ ನೋಡಿದರೆ ಬರುತ್ತೇನೆ.

ನಿನ್ನ ಅಪ್ಪ