ಡಬ್ಬಿ ಕೊಡೋಕೆ ಬರ್ತೀನಿ ಅಕ್ಕಾ

ನಿನ್ನೆ ಮನೆಯ ಮೆಟ್ಟಿಲು ಹತ್ತಿ ಇಳಿದೆ. ಏದುಸಿರು ಬರಲಿಲ್ಲ. ಇನ್ನು ತಡ ಮಾಡಬಾರದು ಅನ್ನಿಸಿ, ಚುನಾವಣೆ ಡ್ಯೂಟಿಯಲ್ಲೂ ಆಸ್ಪತ್ರೆಯಲ್ಲೂ ನನ್ನನ್ನು ನೋಡಿಕೊಂಡವರಿಗೆ ಇದನ್ನು ಬರೆಯಲು ಕೂತೆ.

2021ರ ಏಪ್ರಿಲ್ 17, ಮಸ್ಕಿ ಉಪಚುನಾವಣೆ. ಒಂದು ಹಳ್ಳಿ ಶಾಲೆಯ ಮತಗಟ್ಟೆಗೆ ನಾನು ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ. ಕೊರೊನಾ ಎರಡನೇ ಅಲೆ ಏರುತ್ತಿತ್ತು. ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ, ಬಸ್ಸುಗಳಿಲ್ಲ. ಮೇಲೆ ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ಬೇರೆ. ಮತಯಂತ್ರದ ಪೆಟ್ಟಿಗೆಗಳನ್ನು ತೊಡೆ ಮೇಲಿಟ್ಟುಕೊಂಡು ನಾವು ಐದು ಜನ ಕ್ರೂಸರ್‌ನಿಂದ ಇಳಿದಾಗ ಹಿಂದಿನ ದಿನದ ಸಂಜೆಯಾಗಿತ್ತು.

ಬಿಸಿಯೂಟದ ಅಕ್ಕಂದಿರು ಅಷ್ಟರಲ್ಲೇ ಕೋಣೆ ಗುಡಿಸಿ, ಎರಡು ಕೊಡ ಕುಡಿಯುವ ನೀರು ತುಂಬಿಟ್ಟಿದ್ದರು. ಹೊಲಕ್ಕೆ ನೀರು ತರುವ 5ಎ ಕಾಲುವೆ ಬೇಕು ಅಂತ ರೈತರು ತಿಂಗಳುಗಟ್ಟಲೆ ಧರಣಿ ಕೂತ ಸೀಮೆ ಅದು. ಅಂಥ ಕಡೆ ಯಾರೂ ಕೇಳದೆಯೇ ನಮಗೆ ನೀರು ತಂದಿಟ್ಟಿದ್ದರು.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಐವತ್ತು ವೋಟು ಒತ್ತಿ, ಎಣಿಸಿ, ಅಳಿಸಿ, ಸೀಲ್ ಹಾಕಬೇಕು. 2018ರಲ್ಲಿ ಇಲ್ಲಿ ಸೋಲು ಗೆಲುವಿನ ಅಂತರ ಬರೀ 213 ವೋಟು. ಹಾಗಾಗಿ ಎರಡೂ ಕಡೆಯ ಏಜೆಂಟರು ಯಂತ್ರದಿಂದ ಬಿದ್ದ ಒಂದೊಂದು ಚೀಟಿಯನ್ನೂ ಕಣ್ಣಿಟ್ಟು ನೋಡಿದರು. ಆದರೂ ಇಡೀ ದಿನ ಒಬ್ಬರೂ ದನಿ ಏರಿಸಲಿಲ್ಲ. ಒಂದೇ ಬೆಂಚಿನ ಮೇಲೆ ಕೂತು ಮಂಡಾಳ ಒಗ್ಗರಣಿ ಹಂಚಿಕೊಂಡು ತಿಂದರು. ತಮ್ಮಂದಿರೇ, ನೀವು ಹಾಗಿದ್ದಿದ್ದಕ್ಕೇ ನನಗೆ ಧೈರ್ಯ ಬಂತು.

ಗುಳೆ ಹೋಗಿದ್ದ ಗಂಡ ಹೆಂಡತಿ ಬೆಂಗಳೂರಿನಿಂದ ರಾತ್ರಿಯೆಲ್ಲ ಟೆಂಪೊದಲ್ಲಿ ಬಂದು ಸಾಲಿನಲ್ಲಿ ನಿಂತಿದ್ದರು. ಹೆಗಲ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಆಶಾ ಕಾರ್ಯಕರ್ತೆ ತಂಗಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಬಾಗಿಲಲ್ಲೇ ನಿಂತು ಎಲ್ಲರ ಜ್ವರ ನೋಡಿದಳು.

ಒಬ್ಬ ಅಜ್ಜಿ ಇನ್ನೂ ಕಣ್ಣ ಮುಂದೆಯೇ ಇದ್ದಾರೆ. ಸ್ಯಾನಿಟೈಸರ್ ಆರದೆ ಶಾಯಿ ಹಚ್ಚಿದರೆ ಹರಡಿಬಿಡುತ್ತದೆ. ಅದಕ್ಕೆ ನಮ್ಮವರು ಅಜ್ಜಿಯ ಎಡಗೈ ಬೆರಳು ಆರುವ ತನಕ ಕಾದರು. ಕಳೆ ಕಿತ್ತು ಕಿತ್ತು ಸೀಳಿದ ಬೆರಳು. ಶಾಯಿ ಆ ಬಿರುಕುಗಳಿಗೆಲ್ಲ ಇಳಿಯಿತು. ಬಲಗೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕುವಾಗ ಅಜ್ಜಿ ನಿಂತುಬಿಟ್ಟರು.

‘ತಮ್ಮಾ, ಕೈಗೆ ಚೀಲ ಹಾಕಿದ್ರ ನನ್ನ ಓಟು ಅದಕ್ಕ ತಿಳೀತದೇನಪಾ?’

‘ತಿಳೀತದ ಯವ್ವಾ. ಸದ್ದು ಬರೋ ತನಕ ಅಲ್ಲೇ ನಿಂದ್ರು’ ಅಂದೆ.

ಚೀಟಿ ಏಳು ಸೆಕೆಂಡ್ ಕಾಣಿಸುತ್ತದೆ, ಆಮೇಲೆ ಪೀಂ ಅಂತ ಸದ್ದು. ಆ ಸದ್ದು ಕೇಳಿದ ಮೇಲೆಯೇ ಅಜ್ಜಿ ಹೊರಗೆ ಬಂದರು. ಮಾಸ್ಕ್ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಅದು ನಗುತ್ತಿತ್ತು.

ಸೀಲ್ ಮಾಡಿ, ಏಜೆಂಟರಿಗೆ ಬಿದ್ದ ವೋಟುಗಳ ಲೆಕ್ಕದ ಫಾರಂ 17ಸಿ ಕೊಟ್ಟು ಹೊರಡುವಾಗ ಬಿಸಿಯೂಟದ ದೊಡ್ಡಕ್ಕ ಓಡಿ ಬಂದು ಕಿಟಕಿಯಿಂದ ಸ್ಟೀಲ್ ಡಬ್ಬಿ ಕೊಟ್ಟರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಯಂತ್ರ ಒಪ್ಪಿಸಿ ರಸೀದಿ ಕೈಗೆ ಬಂದಾಗ ರಾತ್ರಿ ಎರಡು ಗಂಟೆ. ಐದೂ ಜನ ನೆಲದ ಮೇಲೆ ಕೂತು ಆ ಡಬ್ಬಿ ತೆರೆದೆವು. ಆ ರೊಟ್ಟಿಯ ರುಚಿ ನಾನು ಮರೆಯಲ್ಲ.

ಐದನೇ ದಿನ ಜ್ವರ ಬಂತು. ಆಮ್ಲಜನಕ 88ಕ್ಕೆ ಇಳಿಯಿತು. ಒಂಬತ್ತು ದಿನ ಆಸ್ಪತ್ರೆ. ರಾತ್ರಿ ಎಬ್ಬಿಸಿ ಬೋರಲು ಮಲಗಿಸಿದ ಸಿಸ್ಟರ್, ನನ್ನ ಹೆಂಡತಿಗೆ ವಿಡಿಯೊ ಕಾಲ್ ಹಚ್ಚಿಕೊಟ್ಟು ‘ನೋಡ್ರೀ, ಇವತ್ತು ಗಂಜಿ ಪೂರಾ ಕುಡಿದಾರ’ ಅಂತ ಹೇಳಿದ ವಾರ್ಡ್ ಹುಡುಗ, ನಿಮ್ಮಿಬ್ಬರ ಮುಖ ನಾನು ಪೂರ್ತಿ ನೋಡಿಯೇ ಇಲ್ಲ. ದನಿ ಕೇಳಿದರೆ ಗುರುತು ಹಿಡೀತೀನಿ.

ಮೇ 2ರಂದು ಪಕ್ಕದ ಮಂಚದವರ ಮೊಬೈಲ್‌ನಲ್ಲಿ ಫಲಿತಾಂಶ ಬಂತು. ಬಸನಗೌಡ ತುರ್ವಿಹಾಳ 30,606 ವೋಟುಗಳಿಂದ ಗೆದ್ದಿದ್ದರು. ನನಗೆ ಅಜ್ಜಿಯ ಬೆರಳು ನೆನಪಾಯಿತು. ಅದೇ ಸಂಜೆ ಆ ಊರಿನ ಇಬ್ಬರು ಏಜೆಂಟರೂ, ಗೆದ್ದವರ ಕಡೆಯವರು, ಸೋತವರ ಕಡೆಯವರು, ಒಬ್ಬರಾದ ಮೇಲೊಬ್ಬರು ಫೋನ್ ಮಾಡಿದರು. ಇಬ್ಬರೂ ಕೇಳಿದ್ದು ಒಂದೇ ಮಾತು: ‘ಸರ, ಆರಾಮದೀರಾ?’

ಚುನಾವಣೆ ಕೆಲಸಕ್ಕೆ ಹೋದ ಕೆಲವು ಮೇಷ್ಟ್ರುಗಳು ಆ ಅಲೆಯಲ್ಲಿ ತೀರಿಕೊಂಡರು. ಅವರ ಮನೆಯವರಿಗೆ ಕೈ ಮುಗಿಯುತ್ತೇನೆ. ಬೇರೆ ಮಾತು ಬರುತ್ತಿಲ್ಲ.

ಏಜೆಂಟ್ ತಮ್ಮಂದಿರೇ, ಇದನ್ನು ದೊಡ್ಡಕ್ಕನಿಗೆ ಓದಿ ಹೇಳಿ. ಅಕ್ಕಾ, ನಿಮ್ಮ ಡಬ್ಬಿ ನಮ್ಮ ಮನೆಯಲ್ಲಿ ಜೋಪಾನವಾಗಿದೆ. ನಾನೇ ತರ್ತೀನಿ. ಬರಿ ಡಬ್ಬಿ ಕೊಡಬಾರದು ಅಲ್ವಾ, ನನ್ನ ಹೆಂಡತಿ ಶೇಂಗಾ ಹೋಳಿಗೆ ಮಾಡಿ ತುಂಬಿಸ್ತೀನಿ ಅಂದಿದ್ದಾಳೆ. ಆ ಅಜ್ಜಿಗೂ ಎರಡು ತೆಗೆದಿಡಿ.